ಹಳೇ ಪೋರ್ಷೆ 911: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟಟ್‌ಗಾರ್ಟ್‌ನಲ್ಲಿ ಕೆಲಸಕ್ಕಿರುವ ಕನ್ನಡಿಗರ ಮನೆಗೆ ಊರಿಂದ ಯಾರೇ ಬರಲಿ, ಒಂದು ದಿನ ಕಾರ್ ಮ್ಯೂಸಿಯಂಗೆ ಮೀಸಲು. ನಾನೂ ಹೀಗೆ ಎಷ್ಟೋ ಸಲ ಜನರನ್ನು ಕರೆದುಕೊಂಡು ಹೋಗಿದ್ದೇನೆ. ಬರುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಹೆಚ್ಚುಕಮ್ಮಿ ಅವೇ. ಅದಕ್ಕೇ ಒಂದು ಕಡೆ ಬರೆದಿಟ್ಟೆ. ಇಲ್ಲಿರುವುದು 1963ರಿಂದ 1998ರವರೆಗಿನ, ರೇಡಿಯೇಟರ್ ಇಲ್ಲದ, ಗಾಳಿಯಿಂದಲೇ ತಣ್ಣಗಾಗುವ 911 ಸ್ಪೋರ್ಟ್ಸ್ ಕಾರುಗಳ ವಿಷಯ ಮಾತ್ರ. ಆಮೇಲಿನವು ಒಳ್ಳೆಯ ಕಾರುಗಳೇ, ಆದರೆ ಅವುಗಳ ಕಥೆ ಬೇರೆ.

ಪೋರ್ಶ್ ಅನ್ನಬೇಕಾ, ಪೋರ್ಷೆ ಅನ್ನಬೇಕಾ?

ಪೋರ್ಷೆ. ಅದು ಮನೆತನದ ಹೆಸರು, ಕೊನೆಯ ಅಕ್ಷರ ನುಂಗಬಾರದು. ಇಲ್ಲಿಯವರು ಈ ಕಾರನ್ನು ಸಲಿಗೆಯಿಂದ 'ಎಲ್ಫರ್' ಅನ್ನುತ್ತಾರೆ. ಜರ್ಮನ್‌ನಲ್ಲಿ 'ಎಲ್ಫ್' ಅಂದರೆ ಹನ್ನೊಂದು.

ಮೊದಲು ಇದರ ಹೆಸರು 901 ಇತ್ತಂತೆ, ಹೌದಾ?

ಹೌದು. 1963ರ ಸೆಪ್ಟೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ಮೋಟಾರ್ ಶೋನಲ್ಲಿ ಕಾರನ್ನು ತೋರಿಸಿದಾಗ ಅದರ ಹೆಸರು 901. ಕಾರು ತಯಾರಾಗಿ ಹೊರಗೆ ಬರಲು ಇನ್ನೂ ಒಂದು ವರ್ಷ ಹಿಡಿಯಿತು. 1964ರಲ್ಲಿ ಅದನ್ನು ಪ್ಯಾರಿಸ್‌ಗೆ ಒಯ್ದಾಗ ಪೆಜೊ ಕಂಪನಿ ತಕರಾರು ತೆಗೆಯಿತು. ಮೂರಂಕಿಯ ನಡುವೆ ಸೊನ್ನೆ ಇರುವ ಹೆಸರುಗಳೆಲ್ಲ ಫ್ರಾನ್ಸ್‌ನಲ್ಲಿ ತಮ್ಮವು ಎಂಬುದು ಅವರ ವಾದ. 403, 404 ಅಂತ ಅವರ ಕಾರುಗಳು ಆಗಲೇ ಓಡಾಡುತ್ತಿದ್ದವಲ್ಲ. ಪೋರ್ಷೆ ಜಗಳಕ್ಕೆ ನಿಲ್ಲಲಿಲ್ಲ. ಸೊನ್ನೆ ತೆಗೆದು ಒಂದು ಹಾಕಿತು, ಅಷ್ಟೇ. ಅಷ್ಟರಲ್ಲಿ 901 ಹೆಸರಿನಲ್ಲಿ 82 ಕಾರುಗಳು ತಯಾರಾಗಿದ್ದವು.

ಇದು ಬೀಟಲ್ ಕಾರಿನದೇ ವಂಶ ಅಲ್ವಾ?

ರಕ್ತಸಂಬಂಧ ಇದೆ, ಆದರೆ ಭಾಗಗಳು ಅವೇ ಅಲ್ಲ. ಬೀಟಲ್ ಮಾಡಿದ್ದು ಅಜ್ಜ ಫರ್ಡಿನಾಂಡ್ ಪೋರ್ಷೆ. ಅವರ ಮಗ ಫೆರ್ರಿ ಯುದ್ಧ ಮುಗಿದ ಮೇಲೆ, 1948ರಲ್ಲಿ, ಆಸ್ಟ್ರಿಯಾದ ಗ್ಮುಂಡ್ ಎಂಬ ಊರಿನ ಒಂದು ಹಳೇ ಮರ ಕೊಯ್ಯುವ ಮಿಲ್ಲಿನಲ್ಲಿ 356 ಎಂಬ ಕಾರು ಕಟ್ಟಿದರು. ಅದಕ್ಕೆ ಬೇಕಾದ ಸಾಮಾನು ಬಹಳಷ್ಟು ಬೀಟಲ್‌ನದೇ. 356 ಹಳತಾಗುತ್ತಾ ಬಂದಾಗ ಅದರ ಜಾಗಕ್ಕೆ ಬಂದದ್ದು 911. ಅದರ ಆಕಾರ ಬರೆದವರು ಫೆರ್ರಿಯವರ ಮಗ ಫರ್ಡಿನಾಂಡ್ ಅಲೆಕ್ಸಾಂಡರ್, ಮನೆಯಲ್ಲಿ ಕರೆಯುವ ಹೆಸರು ಬುಟ್ಸಿ.

ಅಂದರೆ ಅಜ್ಜ, ಮಗ, ಮೊಮ್ಮಗ. ಎಂಜಿನ್ ಹಿಂದೆ ಇಡುವುದು, ಗಾಳಿಯಿಂದ ತಣ್ಣಗೆ ಮಾಡುವುದು, ಇವೆರಡೂ ಅಜ್ಜನ ಕಾಲದ ಪದ್ಧತಿ. ಮನೆಯಲ್ಲಿ ಹಿರಿಯರು ಹಾಕಿಟ್ಟ ಕಟ್ಟಳೆ ಇರುತ್ತಲ್ಲ, ಹಾಗೆ. ಕಿರಿಯರು ಅದನ್ನು ಮುರಿಯಲಿಲ್ಲ. ಅದರಿಂದ ಬಂದ ತೊಂದರೆಗಳನ್ನು ಸರಿಪಡಿಸುತ್ತಾ 35 ವರ್ಷ ಕಳೆದರು. 911ರ ಎಂಜಿನಿಯರಿಂಗ್ ಅಂತ ಜನ ಹೊಗಳುವುದರಲ್ಲಿ ಮುಕ್ಕಾಲು ಪಾಲು ಈ ರಿಪೇರಿಯೇ ಎಂದು ನನಗನಿಸುತ್ತದೆ.

ಎಂಜಿನ್ ಹಿಂದೆ ಯಾಕೆ? ಮಧ್ಯದಲ್ಲಿ ಇಟ್ಟಿದ್ದರೆ ಒಳ್ಳೇದಿತ್ತಲ್ವಾ?

ಮೊಟ್ಟಮೊದಲ 356ರಲ್ಲಿ ಮಧ್ಯದಲ್ಲೇ ಇತ್ತು. ಹಾಗಿಟ್ಟರೆ ಸೀಟಿನ ಬೆನ್ನಿಗೇ ಎಂಜಿನ್ ಅಂಟಿಕೊಳ್ಳುತ್ತದೆ, ಸಾಮಾನಿಗೂ ಜಾಗವಿಲ್ಲ, ಮಕ್ಕಳಿಗೂ ಜಾಗವಿಲ್ಲ. ಮಾರಾಟಕ್ಕೆ ಮಾಡುವಾಗ ಅದನ್ನು ಹಿಂದಿನ ಆಕ್ಸಲ್‌ಗಿಂತಲೂ ಆಚೆಗೆ ತಳ್ಳಿದರು. 911ರಲ್ಲೂ ಅದೇ ಲೆಕ್ಕ. ಮುಂದೆ ಡಿಕ್ಕಿ, ನಡುವೆ ಇಬ್ಬರು, ಅವರ ಹಿಂದೆ ಮಕ್ಕಳು ಕೂರುವಷ್ಟು ಎರಡು ಪುಟ್ಟ ಸೀಟು, ಕಟ್ಟಕಡೆಗೆ ಎಂಜಿನ್. ನಮ್ಮ ಆಟೋ, ಟಾಟಾ ನ್ಯಾನೋ ನೋಡಿದವರಿಗೆ ಇದೇನೂ ಹೊಸದಲ್ಲ. ಆದರೆ ಇವುಗಳಲ್ಲಿ ಯಾರೂ ಗಂಟೆಗೆ 210 ಕಿ.ಮೀ. ಹೋಗುವುದಿಲ್ಲ. 1964ರ 911 ಹೋಗುತ್ತಿತ್ತು.

ನೀರೇ ಇಲ್ಲದೆ ಎಂಜಿನ್ ಹೇಗೆ ತಣ್ಣಗಿರುತ್ತದೆ?

ಬುಲೆಟ್ ನೋಡಿದ್ದೀರಿ. ಸಿಲಿಂಡರ್ ಸುತ್ತ ಲೋಹದ ರೆಕ್ಕೆಗಳು, ಗಾಡಿ ಓಡುವಾಗ ಗಾಳಿ ಬಡಿದು ಬಿಸಿ ಇಳಿಯುತ್ತದೆ. 911ರ ಎಂಜಿನ್ ಮಾತ್ರ ಮುಚ್ಚಳದ ಕೆಳಗೆ ಹಿಂದೆ ಅಡಗಿ ಕೂತಿದೆ, ಅಲ್ಲಿಗೆ ಗಾಳಿ ತಾನಾಗಿ ಬರುವುದಿಲ್ಲ. ಹಾಗಾಗಿ ಫ್ಯಾನ್ ಬೇಕು.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಸೋದರಮಾವ ಬಹಳ ವರ್ಷ ಬಜಾಜ್ ಚೇತಕ್ ಓಡಿಸಿದವರು. ಇಲ್ಲಿಗೆ ಬಂದಿದ್ದಾಗ ನನ್ನ ಗೆಳೆಯನೊಬ್ಬನ ಹಳೇ 911ರ ಎಂಜಿನ್ ಮುಚ್ಚಳ ಎತ್ತಿ ತೋರಿಸಿದೆ. ನಡುಮಧ್ಯೆ ದೊಡ್ಡ ಫ್ಯಾನು, ಸುತ್ತ ಫೈಬರ್ ಕವಚ. ಮಾವ ಬಗ್ಗಿ ನೋಡಿ, "ಅಯ್ಯೋ, ಇದು ನಮ್ ಚೇತಕ್ ಫ್ಯಾನೇ ಅಲ್ವೇನೋ!" ಅಂದರು. ನಾನು ನಕ್ಕುಬಿಟ್ಟೆ. ಆಮೇಲೆ ಯೋಚಿಸಿದರೆ ಮಾವ ಹೇಳಿದ್ದು ನೂರಕ್ಕೆ ನೂರು ಸರಿ. ಚೇತಕ್‌ನಲ್ಲೂ ಎಂಜಿನ್ ತಗಡಿನ ಒಳಗಿರುತ್ತದೆ, ಫ್ಯಾನ್ ಗಾಳಿಯನ್ನು ಎಳೆದು ಕವಚದೊಳಗಿಂದ ಸಿಲಿಂಡರ್ ಮೇಲೆ ತಳ್ಳುತ್ತದೆ. ತತ್ವ ಒಂದೇ. ಅಲ್ಲಿ ಒಂದು ಸಿಲಿಂಡರ್, ಇಲ್ಲಿ ಆರು.

911ರ ಫ್ಯಾನ್ ಬೆಲ್ಟಿನಿಂದ ತಿರುಗುತ್ತದೆ, ಎಂಜಿನ್‌ಗಿಂತ ಜೋರಾಗಿ. ಆಲ್ಟರ್ನೇಟರ್ ಕೂಡ ಅದೇ ಫ್ಯಾನಿನ ಗುಂಬದೊಳಗೆ ಕೂತಿದೆ. ಹೀಗಾಗಿ ಒಂದೇ ಬೆಲ್ಟಿನ ಹಳೇ ಮಾದರಿಗಳಲ್ಲಿ ಅದು ಹರಿದರೆ ಚಾರ್ಜಿಂಗ್ ಮತ್ತು ಗಾಳಿ ಎರಡೂ ಒಟ್ಟಿಗೇ ನಿಲ್ಲುತ್ತವೆ. ಓಡಿಸುವಾಗ ಬ್ಯಾಟರಿಯ ಕೆಂಪು ದೀಪ ಹತ್ತಿಕೊಂಡರೆ 'ಮನೆಗೆ ಹೋಗಿ ನೋಡೋಣ' ಅನ್ನುವ ಹಾಗಿಲ್ಲ. ಅಲ್ಲೇ ಪಕ್ಕಕ್ಕೆ ನಿಲ್ಲಿಸಬೇಕು. ಪಳಗಿದವರು ಡಿಕ್ಕಿಯಲ್ಲಿ ಒಂದು ಬೆಲ್ಟು, ಒಂದು ಸ್ಪ್ಯಾನರ್ ಇಟ್ಟುಕೊಂಡೇ ಹೊರಡುತ್ತಾರೆ.

ಗಾಳಿಯದು ಅರ್ಧ ಕೆಲಸ. ಉಳಿದ ಅರ್ಧ ಆಯಿಲ್‌ನದು. ಅದಕ್ಕೆ ಬೇರೆ ಪ್ರಶ್ನೆಯೇ ಬೇಕು.

ಆಯಿಲ್ ಚೆಕ್ ಮಾಡೋದಕ್ಕೆ ಇಷ್ಟೊಂದು ಶಾಸ್ತ್ರ ಯಾಕೆ?

ಸಾಮಾನ್ಯ ಕಾರಿನಲ್ಲಿ ಆಯಿಲ್ ಎಂಜಿನ್ ತಳದ ಸಂಪಿನಲ್ಲಿ ನಿಂತಿರುತ್ತದೆ. 911ರಲ್ಲಿ ಹಾಗಲ್ಲ. ಇದು ಡ್ರೈ ಸಂಪ್. ಎಂಜಿನ್ ತಳಕ್ಕೆ ಇಳಿದ ಆಯಿಲ್ಲನ್ನು ಒಂದು ಪಂಪು ತಕ್ಷಣ ಎಳೆದು ಬಲಗಡೆ ಹಿಂದಿನ ಚಕ್ರದ ಬಳಿ ಇರುವ ಬೇರೆ ಟ್ಯಾಂಕಿಗೆ ಕಳಿಸುತ್ತದೆ. ಇನ್ನೊಂದು ಪಂಪು ಆ ಟ್ಯಾಂಕಿನಿಂದ ತೆಗೆದು ಮತ್ತೆ ಎಂಜಿನ್‌ಗೆ ಕೊಡುತ್ತದೆ. ರೇಸ್ ಕಾರುಗಳಲ್ಲಿ ಇದ್ದ ಪದ್ಧತಿ. ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು ಪಂಪಿಗೆ ಸಿಗದೇ ಹೋಗುವ ಭಯವಿಲ್ಲ. ತಳದಲ್ಲಿ ಆಳವಾದ ಸಂಪ್ ಬೇಡವಾದ್ದರಿಂದ ಎಂಜಿನ್ ನೆಲಕ್ಕೆ ಹತ್ತಿರ ಕೂರುತ್ತದೆ. ಮೊದಲ ಕಾರುಗಳಲ್ಲೇ 9 ಲೀಟರ್ ಹತ್ತಿರ ಆಯಿಲ್ ಹಿಡಿಯುತ್ತಿತ್ತು. ನಮ್ಮ ಸಾಧಾರಣ ಕಾರಿಗೆ ಮೂರೂವರೆ, ನಾಲ್ಕು ಲೀಟರ್ ಸಾಕು, ನೆನಪಿರಲಿ. ಅಷ್ಟೊಂದು ಆಯಿಲ್ ಬಿಸಿ ಹೊತ್ತುಕೊಂಡು ಹೋಗಿ ಕೂಲರ್‌ನಲ್ಲಿ ಇಳಿಸಿ ಬರುತ್ತದೆ. 1969ರ 911 ಎಸ್‌ನಿಂದ ಮುಂದಿನ ಚಕ್ರದ ಪಕ್ಕಕ್ಕೂ ಒಂದು ಆಯಿಲ್ ಕೂಲರ್ ಬಂತು. ಅಂದರೆ ಆಯಿಲ್ ಕಾರಿನ ಹಿಂತುದಿಯಿಂದ ಮುಂತುದಿಗೆ ಹೋಗಿ ವಾಪಸ್ ಬರುತ್ತದೆ.

ಈಗ ಚೆಕ್ ಮಾಡುವ ಕ್ರಮ. ಕಾರು ಚೆನ್ನಾಗಿ ಬಿಸಿಯಾಗಿರಬೇಕು. ಸಮತಟ್ಟು ಜಾಗದಲ್ಲಿರಬೇಕು. ಎಂಜಿನ್ ಐಡಲಿಂಗ್‌ನಲ್ಲಿ ಓಡುತ್ತಿರಬೇಕು. ಆಗ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡಬೇಕು.

ತಪ್ಪಿದರೆ ಏನಾಗುತ್ತದೆ ಅಂತ ನಾನೇ ಕಂಡಿದ್ದೇನೆ. ಅದೇ ಗೆಳೆಯನ ಕಾರು, 1980ರ ದಶಕದ ಆರಂಭದ ಎಸ್‌ಸಿ ಮಾಡೆಲ್ಲು. ಭಾನುವಾರ ಬೆಳಿಗ್ಗೆ, ಕಾರು ತಣ್ಣಗಿದೆ. ನಾನು ಜಾಣನ ಹಾಗೆ ಕಡ್ಡಿ ಎಳೆದೆ. ತುದಿಯಲ್ಲಿ ಒಂದು ಹನಿಯೂ ಇಲ್ಲ. 'ಆಯಿಲ್ಲೇ ಇಲ್ಲ ಕಣೋ' ಅಂದೆ. ಒಂದು ಲೀಟರ್ ಹಾಕಿದೆವು, ಸಾಲದು ಅಂತ ಇನ್ನೂ ಒಂದಿಷ್ಟು. ಅಸಲಿಗೆ ಆಯಿಲ್ ರಾತ್ರಿಯಿಡೀ ಟ್ಯಾಂಕಿನಿಂದ ಎಂಜಿನ್‌ಗೆ ಜಿನುಗಿ ಕೂತಿತ್ತು. ಕಾರು ಬಿಸಿಯಾಗುತ್ತಿದ್ದಂತೆ ಹೆಚ್ಚಾದದ್ದು ಬ್ರೀದರ್ ಪೈಪಿನಿಂದ ಏರ್ ಫಿಲ್ಟರ್ ಡಬ್ಬಕ್ಕೆ ಹೋಯಿತು, ಅಲ್ಲಿಂದ ಎಂಜಿನ್‌ಗೆ ಹೋಗಿ ಸುಟ್ಟಿತು. ಬಿಳಿ ಹೊಗೆ ಎದ್ದು ಇಡೀ ಬೀದಿ ಮುಚ್ಚಿತು. ಎದುರು ಮನೆಯ ಅಜ್ಜಿ ಕಿಟಕಿ ಹಾಕಿಕೊಂಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಮಟ್ಟ ತೋರಿಸುವ ಮುಳ್ಳು ಇರುತ್ತದೆ. ಅದೂ ಬಿಸಿ ಎಂಜಿನ್ ಐಡಲಿಂಗ್‌ನಲ್ಲಿದ್ದಾಗ ಮಾತ್ರ ನಿಜ ಹೇಳುತ್ತದೆ. ಓಡುವಾಗ ಸೊನ್ನೆಗೆ ಬೀಳುತ್ತದೆ. ಗಾಬರಿ ಬೇಡ.

ಆಯಿಲ್ ಹಾಕೋ ಬಾಗಿಲು ಹೊರಗಡೆ ಇರುವ 911 ಕೂಡ ಇದೆಯಂತೆ?

1972ರ ಮಾಡೆಲ್. ತೂಕ ಸ್ವಲ್ಪ ಮುಂದಕ್ಕೆ ಬರಲಿ ಅಂತ ಆಯಿಲ್ ಟ್ಯಾಂಕನ್ನು ಬಲಗಡೆ ಹಿಂಚಕ್ರದ ಮುಂದಕ್ಕೆ ತಂದು, ಬಲಬಾಗಿಲ ಹಿಂದೆ ಒಂದು ಪುಟ್ಟ ಮುಚ್ಚಳ ಇಟ್ಟರು. ಐಡಿಯಾ ಚೆನ್ನಾಗಿತ್ತು. ಆದರೆ ಪೆಟ್ರೋಲ್ ಬಂಕಿನ ಹುಡುಗರು ಅದನ್ನೇ ಪೆಟ್ರೋಲ್ ಮುಚ್ಚಳ ಅಂದುಕೊಂಡು ಆಯಿಲ್ ಟ್ಯಾಂಕಿಗೆ ಪೆಟ್ರೋಲ್ ಸುರಿದರು! ಮರುವರ್ಷವೇ ಟ್ಯಾಂಕು ಹಳೇ ಜಾಗಕ್ಕೆ ಹೋಯಿತು. ಆ ಒಂದು ವರ್ಷದ ಕಾರಿಗೆ ಈಗ ಸಂಗ್ರಹ ಮಾಡುವವರಲ್ಲಿ ಬೇಡಿಕೆ ಜಾಸ್ತಿ.

ಬಾಕ್ಸರ್ ಎಂಜಿನ್ ಅಂದರೆ?

ಸಿಲಿಂಡರ್‌ಗಳು ನಿಂತಿರುವುದಿಲ್ಲ, ಅಡ್ಡ ಮಲಗಿರುತ್ತವೆ. ಎಡಕ್ಕೆ ಮೂರು, ಬಲಕ್ಕೆ ಮೂರು. ಎದುರುಬದುರಿನ ಪಿಸ್ಟನ್‌ಗಳು ಕುಸ್ತಿ ಪೈಲ್ವಾನರ ಹಾಗೆ ಒಟ್ಟಿಗೇ ಒಳಗೆ ಬರುತ್ತವೆ, ಒಟ್ಟಿಗೇ ಹೊರಗೆ ಹೋಗುತ್ತವೆ. ನಡುಕ ಕಡಿಮೆ, ಎತ್ತರವೂ ಕಡಿಮೆ. ಮೊದಲ 911ರಲ್ಲಿ ಇದು 1,991 ಸಿಸಿ, 130 ಅಶ್ವಶಕ್ತಿ. ಹ್ಯಾನ್ಸ್ ಮೆಟ್ಸ್‌ಗರ್ ಮತ್ತು ಫೆರ್ರಿಯವರ ಅಕ್ಕನ ಮಗ ಫರ್ಡಿನಾಂಡ್ ಪೀಯೆಖ್ ಈ ಎಂಜಿನ್ನಿಗೆ ದುಡಿದವರು. ಅದನ್ನು ಬೆಳೆಸಿ ಬೆಳೆಸಿ ಕೊನೆಗೆ 3.8 ಲೀಟರ್‌ವರೆಗೆ ಒಯ್ದರು.

ತಿರುವಿನಲ್ಲಿ ಹಿಂಭಾಗ ಬೀಸುತ್ತೆ ಅಂತಾರೆ. ನಿಜಾನಾ, ಸುಮ್ನೆ ಹೆದರಿಸೋದಾ?

ನಿಜ. ಕಾರಣ ಸರಳ. ತೂಕದಲ್ಲಿ ನೂರಕ್ಕೆ ಸುಮಾರು 60 ಪಾಲು ಹಿಂದಿನ ಚಕ್ರಗಳ ಮೇಲಿದೆ, ಎಂಜಿನ್ ಅಂತೂ ಆಕ್ಸಲ್ಲಿನ ಆಚೆ ನೇತಾಡುತ್ತಿದೆ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೇಳುತ್ತದಲ್ಲ, ಹಾಗೆ ಇಲ್ಲಿ ಮೂತಿ ಹಗುರ. ತಿರುವಿಗೆ ಜೋರಾಗಿ ನುಗ್ಗಿ, ಅರ್ಧದಲ್ಲಿ ಹೆದರಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ. ಹಿಂದಿನ ಟೈರುಗಳ ಹಿಡಿತ ಸಡಿಲವಾಗುತ್ತದೆ. ಆ ಹೊತ್ತಿಗೆ ಬಾಲದಲ್ಲಿರುವ ಎಂಜಿನ್ ಹಗ್ಗಕ್ಕೆ ಕಟ್ಟಿದ ಕಲ್ಲಿನ ಹಾಗೆ ಹೊರಕ್ಕೆ ಬೀಸುತ್ತದೆ. ಹೆದರಿದಾಗ ಕಾಲು ತೆಗೆಯುವುದು ಮನುಷ್ಯನ ಸ್ವಭಾವ. ಈ ಕಾರು ಅದನ್ನೇ ಕ್ಷಮಿಸುವುದಿಲ್ಲ. ಬ್ರೇಕು ತಿರುವಿಗೆ ಮೊದಲೇ ಮುಗಿಸಬೇಕು, ತಿರುವಿನೊಳಗೆ ಕಾಲು ಮೆಲ್ಲಗೆ ಒತ್ತಿಕೊಂಡೇ ಇರಬೇಕು.

ಕಂಪನಿಗೆ ಇದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಮೊದಮೊದಲು ಮಾಡಿದ ಉಪಾಯ ನೋಡಿದರೆ ನಗು ಬರುತ್ತದೆ. ಮುಂದಿನ ಬಂಪರಿನ ಎರಡೂ ತುದಿಯಲ್ಲಿ ತಲಾ 11 ಕಿಲೋ ಕಬ್ಬಿಣದ ತುಂಡು ಅಡಗಿಸಿಟ್ಟರು. ಹಗುರ ಕಾರು ಮಾಡಲು ಗ್ರಾಂ ಗ್ರಾಂ ಎಣಿಸುವವರು ಹೀಗೆ ಮಾಡಿದ್ದಾರೆ ಅಂದರೆ ಎಷ್ಟು ತಲೆಬಿಸಿ ಆಗಿರಬೇಕು! ಸರಿಯಾದ ಮದ್ದು ಸಿಕ್ಕಿದ್ದು 1969ರ ಮಾಡೆಲ್ಲಿನಲ್ಲಿ. ಎಂಜಿನ್ ಇದ್ದಲ್ಲೇ ಇತ್ತು, ಹಿಂದಿನ ಚಕ್ರಗಳನ್ನು 57 ಮಿ.ಮೀ. ಹಿಂದಕ್ಕೆ ಸರಿಸಿದರು. ವ್ಹೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವಿನ ದೂರ, 2,211ರಿಂದ 2,268 ಮಿ.ಮೀ. ಆಯಿತು. ನಾಲ್ಕು ಬೆರಳಿನಷ್ಟೂ ಅಲ್ಲ, ಆದರೆ ಕಾರಿನ ಗುಣವೇ ಬದಲಾಯಿತು. ಒಂದು ದೊಡ್ಡ ಬ್ಯಾಟರಿಯ ಬದಲು ಎರಡು ಚಿಕ್ಕವನ್ನು ಮುಂದಿನ ಮೂಲೆಗಳಲ್ಲಿ ಇಟ್ಟರು. ಕಬ್ಬಿಣದ ತುಂಡಿನ ಕೆಲಸವನ್ನು ಬ್ಯಾಟರಿ ಮಾಡಿತು.

ಹಿಂಭಾರದಿಂದ ಲಾಭವೂ ಇದೆ. ಎಳೆಯುವ ಚಕ್ರದ ಮೇಲೇ ಭಾರ ಇರುವುದರಿಂದ ಹಿಮ, ಕೆಸರು, ಜಲ್ಲಿ ಎಲ್ಲೇ ಆಗಲಿ ಟೈರು ಜಾರದೆ ಕಚ್ಚಿ ಹಿಡಿಯುತ್ತದೆ. 1968, 1969, 1970, ಸತತ ಮೂರು ವರ್ಷ ಹಿಮದ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದದ್ದು 911. ಮೊದಲ ವರ್ಷ ವಿಕ್ ಎಲ್ಫರ್ಡ್, ಆಮೇಲೆ ಎರಡು ಸಲ ಬ್ಯೋರ್ನ್ ವಾಲ್ಡೆಗಾರ್ಡ್.

ಬಾತುಕೋಳಿ ಬಾಲದ 911 ಯಾವುದು?

1973ರ ಕರೇರಾ ಆರ್‌ಎಸ್ 2.7. ರೇಸಿನ ನಿಯಮಕ್ಕಾಗಿ 500 ಕಾರು ಮಾಡಬೇಕಿತ್ತು. ಅಷ್ಟು ಮಾರಾಟವಾಗುತ್ತಾ ಅಂತ ಮಾರಾಟದವರಿಗೇ ಅನುಮಾನ. ಕೊನೆಗೆ ಮಾಡಿದ್ದು 1,580. 210 ಅಶ್ವಶಕ್ತಿ, ಹಗುರ ಮಾದರಿಯ ತೂಕ 960 ಕಿಲೋ. ಅದಕ್ಕೆ ತೆಳು ತಗಡು, ತೆಳು ಗಾಜು ಹಾಕಿದರು. ಹಿಂದಿನ ಮುಚ್ಚಳದ ಮೇಲೆ ಮೇಲೆದ್ದ ಆ ಬಾಲ ಅಂದಕ್ಕೆ ಇಟ್ಟದ್ದಲ್ಲ. 911ರ ಇಳಿಜಾರು ಬೆನ್ನಿನ ಮೇಲೆ ಗಾಳಿ ಹರಿದು ವೇಗದಲ್ಲಿ ಹಿಂಭಾಗವನ್ನು ಎತ್ತುತ್ತಿತ್ತು, ಬಾಲ ಅದನ್ನು ತಗ್ಗಿಸಿತು. ಇಲ್ಲೂ ಅದೇ ಕಥೆ, ಹಿಂಭಾಗವನ್ನು ನೆಲಕ್ಕೆ ಹಿಡಿದಿಡುವುದು. ಎಲ್ಲ 911ಗಳಲ್ಲಿ ಒಂದನ್ನೇ ಆರಿಸು ಅಂದರೆ ನನ್ನದು ಇದೇ. ಆಸೆ ಪಡೋಕೆ ದುಡ್ಡು ಕೊಡಬೇಕಿಲ್ಲವಲ್ಲ.

ಮತ್ತೆ ಟರ್ಬೊ?

ಎಂಜಿನ್ನಿಂದ ಹೊರಬೀಳುವ ಹೊಗೆಯ ಬಲದಿಂದಲೇ ಒಳಕ್ಕೆ ಹೆಚ್ಚು ಗಾಳಿ ತುಂಬುವ ಉಪಕರಣ ಟರ್ಬೊ. ಅದಿರುವ 911 1974ರಲ್ಲಿ ಪ್ಯಾರಿಸ್‌ನಲ್ಲಿ ಬಂತು, ಕಂಪನಿಯ ಒಳಗಿನ ಹೆಸರು 930. ಮೊದಲು 3 ಲೀಟರ್, 260 ಅಶ್ವಶಕ್ತಿ. 1978ರ ಮಾಡೆಲ್‌ನಿಂದ 3.3 ಲೀಟರ್, ಆ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಸೇರಿ 300. ಟರ್ಬೊ ವಿದ್ಯೆಯನ್ನು ಪೋರ್ಷೆ ಕಲಿತಿದ್ದು 917 ರೇಸ್ ಕಾರಿನಿಂದ. ಆಗಿನ ಟರ್ಬೊಗೆ ಒಂದು ಚಾಳಿ. ಕಾಲು ಒತ್ತಿದ ತಕ್ಷಣ ಏನೂ ಆಗುವುದಿಲ್ಲ. ಒಂದೆರಡು ಕ್ಷಣ ಬಿಟ್ಟು ಎಲ್ಲ ಶಕ್ತಿ ಒಮ್ಮೆಗೇ ಬರುತ್ತದೆ. ಅದು ತಿರುವಿನ ನಡುವೆ ಬಂದರೆ ಏನಾಗುತ್ತದೆ ಅಂತ ಮೇಲಿನ ಉತ್ತರ ಓದಿದವರಿಗೆ ಹೇಳಬೇಕಿಲ್ಲ. 'ವಿಧವೆ ಮಾಡುವ ಕಾರು' ಎಂಬ ಅಡ್ಡಹೆಸರು ಬಂದದ್ದು ಹಾಗೆ.

911 ನಿಲ್ಲಿಸಿಬಿಡೋಣ ಅಂತ ಕಂಪನಿಯೇ ತೀರ್ಮಾನಿಸಿತ್ತಾ?

ಹೌದು. 1977ರಲ್ಲಿ 928 ಬಂತು. ಮುಂದೆ ವಿ8 ಎಂಜಿನ್, ನೀರಿನ ಕೂಲಿಂಗ್, ಎಲ್ಲ ರೀತಿಯಲ್ಲೂ 'ಸರಿಯಾದ' ಕಾರು. ಮರುವರ್ಷ ಯುರೋಪಿನ ವರ್ಷದ ಕಾರು ಪ್ರಶಸ್ತಿಯೂ ಸಿಕ್ಕಿತು. 911 ಮುದುಕನಾಯಿತು, ಇನ್ನು ಸಾಕು ಅಂತ ಲೆಕ್ಕ.

1981ರ ಜನವರಿಯಲ್ಲಿ ಪೀಟರ್ ಶುಟ್ಸ್ ಕಂಪನಿಯ ಮುಖ್ಯಸ್ಥರಾದರು. ಬರ್ಲಿನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಎಂಜಿನಿಯರಿಂಗ್ ಮುಖ್ಯಸ್ಥ ಹೆಲ್ಮುಟ್ ಬಾಟ್ ಅವರ ಕೋಣೆಯ ಗೋಡೆಯಲ್ಲಿ ಒಂದು ಚಾರ್ಟ್ ಇತ್ತು. 928 ಮತ್ತು 944ರ ಗೆರೆಗಳು ಮುಂದಿನ ವರ್ಷಗಳಿಗೂ ಚಾಚಿದ್ದವು. 911ರ ಗೆರೆ 1981ಕ್ಕೇ ನಿಂತಿತ್ತು. ಶುಟ್ಸ್ ಮಾರ್ಕರ್ ಎತ್ತಿಕೊಂಡು ಆ ಗೆರೆಯನ್ನು ಚಾರ್ಟ್ ದಾಟಿಸಿ, ಗೋಡೆಯ ಮೇಲೆಲ್ಲ ಎಳೆದು, ಬಾಗಿಲಾಚೆಗೂ ಒಯ್ದರಂತೆ. ಈ ಕಥೆಯನ್ನು ಅವರೇ ಆಮೇಲೆ ಬಹಳ ಕಡೆ ಹೇಳಿಕೊಂಡಿದ್ದಾರೆ. ಮ್ಯೂಸಿಯಂಗೆ ಬಂದ ನೆಂಟರಿಗೆ ನಾನು ಹೇಳುವ ಕಥೆಗಳಲ್ಲಿ ಚಪ್ಪಾಳೆ ಗಿಟ್ಟುವುದು ಇದಕ್ಕೇ. 928 1995ರಲ್ಲಿ ನಿಂತಿತು.

ಕೀ ಹಾಕುವ ಜಾಗ ಸ್ಟೀರಿಂಗ್‌ನ ಎಡಗಡೆ ಯಾಕೆ?

ಫ್ರಾನ್ಸ್‌ನ ಲೆ ಮಾನ್ಸ್ ರೇಸ್ ಹಿಂದೆ ಓಡಿ ಬಂದು ಕಾರು ಹತ್ತುವುದರಿಂದ ಶುರುವಾಗುತ್ತಿತ್ತು. ಎಡಗೈಯಲ್ಲಿ ಕೀ ತಿರುಗಿಸುತ್ತಾ ಬಲಗೈಯಲ್ಲಿ ಗೇರ್ ಹಾಕಿದರೆ ಒಂದು ಕ್ಷಣ ಉಳಿಯುತ್ತದೆ ಎಂಬುದು ಎಲ್ಲರೂ ಹೇಳುವ ಕಥೆ. ಆ ಓಟ ನಿಂತು ದಶಕಗಳಾದವು, ಕೀ ಜಾಗ ಬದಲಾಗಲಿಲ್ಲ.

ಹಳೇದು ಕೊಳ್ಳುವವರು ಏನು ನೋಡಬೇಕು?

ಮೊದಲು ತುಕ್ಕು, ಆಮೇಲೆ ತುಕ್ಕು, ಆಮೇಲೆ ಎಂಜಿನ್. 1976ರ ಮಾಡೆಲ್‌ನಿಂದ ಬಾಡಿಗೆ ಸತುವಿನ ಲೇಪನ ಬಂತು. ಅದಕ್ಕಿಂತ ಹಿಂದಿನದಾದರೆ ಬಾಗಿಲ ಕೆಳಗಿನ ಪಟ್ಟಿ, ಬ್ಯಾಟರಿ ಕೂರುವ ಜಾಗ ಬಡಿದು ನೋಡಿ. ಮೇಲಿನ ಹೊಳಪು ನೋಡಿ ಮರುಳಾಗಬೇಡಿ.

2.7 ಲೀಟರ್ ಎಂಜಿನ್‌ಗಳ ಕವಚ ಮೆಗ್ನೀಸಿಯಂನದು. ಹಗುರ, ಆದರೆ ಬಿಸಿಗೆ ಸೊರಗುತ್ತದೆ. ಹೆಡ್ ಹಿಡಿದಿಡುವ ಬೋಲ್ಟುಗಳ ತಿರುಪು ಕವಚದಿಂದ ಕಿತ್ತು ಬರುವುದುಂಟು. ಅಮೆರಿಕಕ್ಕೆ ಹೋದ ಕಾರುಗಳಲ್ಲಿ ಹೊಗೆ ನಿಯಂತ್ರಣದ ಉಪಕರಣ ಇನ್ನಷ್ಟು ಬಿಸಿ ಹೆಚ್ಚಿಸಿ ಈ ಕಾಟ ಜಾಸ್ತಿ ಮಾಡಿತು. ಇನ್ನೊಂದು, ವಾಲ್ವುಗಳನ್ನು ನಡೆಸುವ ಟೈಮಿಂಗ್ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್. ಅದು ಕೈಕೊಟ್ಟರೆ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆ. 1984ರ ಕರೇರಾ 3.2ರಲ್ಲಿ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಟೆನ್ಷನರ್ ಬಂತು, ಹಳೇ ಕಾರಿಗೂ ಅದನ್ನು ಕೂರಿಸಬಹುದು. ಮಾರುವವರು ಕೂರಿಸಿದ್ದಾರಾ ಅಂತ ಕೇಳಿ. ಚೀಟಿ ತೋರಿಸಿ ಅನ್ನಿ.

ಚಳಿಗಾಲದಲ್ಲಿ ಹೀಟರ್ ಹಾಕಿದಾಗ ಆಯಿಲ್ ಸುಟ್ಟ ವಾಸನೆ ಬಂದರೂ ಲೀಕ್ ಇದೆ ಅಂತಲೇ ಅರ್ಥ. ರೇಡಿಯೇಟರ್ ಇಲ್ಲದ್ದರಿಂದ ಹೀಟರ್‌ಗೆ ಬಿಸಿನೀರಿಲ್ಲ. ಸೈಲೆನ್ಸರ್ ಪೈಪಿನ ಸುತ್ತ ಹಾಯುವ ಗಾಳಿಯೇ ಒಳಗೆ ಬರುತ್ತದೆ.

ಕೊನೆಗೆ ನೀರಿಗೆ ಯಾಕೆ ಬದಲಾದರು?

ಸದ್ದು, ಹೊಗೆ, ವಾಲ್ವು. ಮೂರೂ ಸೇರಿ ಗಂಟು ಬಿದ್ದಿತು. ಹೆಚ್ಚು ಶಕ್ತಿ, ಕಡಿಮೆ ಹೊಗೆ ಬೇಕಾದರೆ ಸಿಲಿಂಡರಿಗೆ ನಾಲ್ಕು ವಾಲ್ವು ಬೇಕು. ನಾಲ್ಕು ವಾಲ್ವು ಇಟ್ಟ ಹೆಡ್ಡನ್ನು ಬರೀ ಗಾಳಿಯಲ್ಲಿ ತಣ್ಣಗಿಡುವುದು ಕಷ್ಟ. 1986ರ ಪೋರ್ಷೆ 959 ಕಾರಿನಲ್ಲೇ ಹೆಡ್ಡಿಗೆ ನೀರು, ಸಿಲಿಂಡರಿಗೆ ಗಾಳಿ ಅಂತ ರಾಜಿ ಮಾಡಿಕೊಂಡಿದ್ದರು. ಗಾಳಿಯ ಎಂಜಿನ್ನಿನಲ್ಲಿ ಸದ್ದು ತಗ್ಗಿಸಲು ನೀರಿನ ಹೊದಿಕೆಯೂ ಇಲ್ಲ. ಹಾಗಾಗಿ 1997ರಲ್ಲಿ ನೀರಿನ 996 ಬಂತು, 1998ರಲ್ಲಿ ಕೊನೆಯ ಗಾಳಿಯ ಮಾದರಿ 993 ನಿಂತಿತು.

ತಮಾಷೆ ನೋಡಿ. ತಿರುವಿನ ಕಾಟಕ್ಕೆ ಪೂರ್ತಿ ಮದ್ದು ಸಿಕ್ಕಿದ್ದು ಈ 993ರಲ್ಲೇ, ಹಿಂದಿನ ಸಸ್ಪೆನ್ಷನ್ನನ್ನು ಮಲ್ಟಿಲಿಂಕ್, ಅಂದರೆ ಹಲವು ತೋಳುಗಳು ಚಕ್ರವನ್ನು ಹಿಡಿಯುವ ಹಾಗೆ, ಮಾಡಿದ ಮೇಲೆ. ಒಂದು ಕಟ್ಟಳೆಯ ತೊಂದರೆ ತೀರಿತು ಅನ್ನುವಷ್ಟರಲ್ಲಿ ಇನ್ನೊಂದು ಕಟ್ಟಳೆಯನ್ನೇ ಬಿಡಬೇಕಾಯಿತು.

ಬೆಂಗಳೂರಿಗೂ ಇದಕ್ಕೂ ಏನಾದರೂ ನಂಟಿದೆಯಾ?

ನೇರವಾಗಿ ಇಲ್ಲ. ಆದರೆ 911ರ ಇಂಜೆಕ್ಷನ್ ಮತ್ತು ಇಗ್ನಿಷನ್ ಬಹುಪಾಲು ಬಾಷ್ ಕಂಪನಿಯದು, ಅದೂ ಸ್ಟಟ್‌ಗಾರ್ಟ್‌ನದೇ. ಅದೇ ಬಾಷ್‌ನ ಕೂಸು ಆಡುಗೋಡಿಯ ಮೈಕೊ, ಈಗ ಅದರ ಹೆಸರೂ ಬಾಷ್. ಮೈಕೊ ಲೇಔಟ್‌ನಲ್ಲಿ ಮನೆ ಇರುವವರು ಬೇಕಾದರೆ ಇಷ್ಟು ನಂಟು ಹೇಳಿಕೊಳ್ಳಬಹುದು.

ಎಲ್ಲಿ ನೋಡಬಹುದು?

ಸ್ಟಟ್‌ಗಾರ್ಟ್‌ನ ಟ್ಸುಫನ್‌ಹೌಸನ್‌ನಲ್ಲಿ, ಪೋರ್ಷೆ ಮ್ಯೂಸಿಯಂ. ಎಸ್6 ರೈಲು ಹಿಡಿದು ನಾಯ್‌ವಿರ್ಟ್ಸ್‌ಹೌಸ್‌ನಲ್ಲಿ ಇಳಿದರೆ ಎದುರಿಗೇ ಇದೆ. ಸೋಮವಾರ ರಜೆ. ಆ 82 ಕಾರುಗಳಲ್ಲಿ ಒಂದಾದ 57ನೇ ನಂಬರಿನ 901 ಈ ಮ್ಯೂಸಿಯಂನದು. 2014ರಲ್ಲಿ ಒಂದು ಹಳೇ ಕೊಟ್ಟಿಗೆಯಲ್ಲಿ ತುಕ್ಕು ತಿಂದು ಬಿದ್ದಿತ್ತು. ಮೂರು ವರ್ಷ ಕೂತು ಸರಿಮಾಡಿದರು, ಈಗ ಕೆಂಪಗೆ ಹೊಳೆಯುತ್ತದೆ. ನಮ್ಮ ಮಾವ ಅದರ ಹಿಂದೆ ಹೋಗಿ ಬಗ್ಗಿ ನಿಂತಿದ್ದರು. ಮುಚ್ಚಳ ಮುಚ್ಚಿತ್ತು. "ಫ್ಯಾನ್ ಕಾಣ್ಸಲ್ಲ ಬಿಡು" ಅಂತ ಮುಂದಿನ ಕಾರಿಗೆ ನಡೆದರು.